ಇಲಿಯ ಬಾಣಂತನ

ಇಲಿ ಸಾಕುವುದು ಹೇಗೆ ಎಂದು ನಾನಿಲ್ಲಿ ಬರೆಯುತ್ತಿಲ್ಲ. ಗೂಡು, ಹಾಸು, ಕಾಳು ಎಲ್ಲವೂ ನಿಮಗೆ ಗೊತ್ತಿರುವುದೇ. ಇಲಿ ಇರುವ ಮನೆಯಲ್ಲಿ ಮನುಷ್ಯರನ್ನು ಸಂಭಾಳಿಸುವುದು ನನ್ನ ವಿಷಯ. "ಒಂದೋ ಇಲಿ ಬಿಡುತ್ತೀಯ, ಇಲ್ಲವೇ ಮನೆ ಬಿಡುತ್ತೀಯ" ಎಂದು ಪಂದ್ಯ ಕಟ್ಟಿದ್ದ ಇಬ್ಬರು ಗೆಳೆಯರು ಇದನ್ನು ಓದಲಿ ಎಂಬ ಆಸೆಯೂ ಇದೆ. ಮೂರು ವರ್ಷದ ಮೇಲಾಯಿತು. ಇಲಿಗಳೂ ಇವೆ, ನಾನೂ ಅದೇ ಮನೆಯಲ್ಲಿದ್ದೇನೆ.

ನಮ್ಮದು ಮೈಸೂರಿನ ಹಳೆಯ ಮನೆ. ಅಮ್ಮ, ನಾನು, ಹೆಂಡತಿ. ಉಗ್ರಾಣದಲ್ಲಿರುವ ಇಲಿಬೋನಿಗೆ ನನಗಿಂತ ಹೆಚ್ಚು ವಯಸ್ಸು. ನಾನು ನಾಲ್ಕು ವಾರದ ಎರಡು ಮರಿಗಳನ್ನು ತಂದ ದಿನ ಅಮ್ಮ ಕೇಳಿದ್ದು ಒಂದೇ ಮಾತು: "ಆ ಬೋನಿಗೆ ಬಿದ್ದದ್ದನ್ನು ಕೆರೆಯಾಚೆ ಬಿಟ್ಟು ಬರುತ್ತೀಯ, ಈ ಬೋನಿನಲ್ಲಿರುವುದಕ್ಕೆ ಸೌತೆಕಾಯಿ ಹೆಚ್ಚಿ ಹಾಕುತ್ತೀಯ. ಇದು ಯಾವ ನ್ಯಾಯ?" ಇವತ್ತಿಗೂ ನನ್ನಲ್ಲಿ ಉತ್ತರವಿಲ್ಲ. ಗೂಡು ಎನ್ನು ಎಂದು ನಾನು ಎಷ್ಟು ಗೋಗರೆದರೂ ಅಮ್ಮನಿಗೆ ಅದು ಬೋನೇ.

ಮೊದಲ ಎರಡು ತಿಂಗಳು ನಾನು ಮಾಡಿದ ದೊಡ್ಡ ತಪ್ಪು ವಾದ. ಗಣಪತಿಯ ವಾಹನ ಎಂದೆ. "ಅವನು ಅದರ ಮೇಲೆ ಕೂತಿದ್ದಾನೆ, ಮಂಚ ಹತ್ತಿಸಿಕೊಂಡಿಲ್ಲ" ಎಂದರು ಅಮ್ಮ. ದೊಡ್ಡತ್ತೆ ಬಂದರು. ಅವರಿಗೆ ಎಂಬತ್ತು ದಾಟಿದೆ. ಇಲಿ ಸತ್ತು ಬಿದ್ದರೆ ಊರಿಗೆ ಊರೇ ಗುಡಿಸಲು ಕಟ್ಟಿಕೊಂಡು ಹೊರಗೆ ಹೋಗುತ್ತಿದ್ದ ಪ್ಲೇಗಿನ ಕಥೆಗಳನ್ನು ಅಜ್ಜಿಯ ಬಾಯಲ್ಲಿ ಕೇಳಿ ಬೆಳೆದವರು. ನಾನು ಜಾಣತನ ತೋರಿಸಿ, 1898ರಲ್ಲಿ ಬೆಂಗಳೂರಿಗೆ ಬಂದ ಪ್ಲೇಗಿನಿಂದ ಹಿಡಿದು ಎಲ್ಲ ಹೇಳಿ, "ಅದನ್ನು ಹರಡಿದ್ದು ಚಿಗಟ, ದೊಡ್ಡತ್ತೆ" ಎಂದೆ. "ಚಿಗಟ ಯಾರ ಮೈಮೇಲೆ ಕೂತು ಬಂತಪ್ಪ?" ಎಂದರು. ಅಂದಿನಿಂದ ನಮ್ಮ ಮನೆಗೆ ಬಂದರೆ ಅವರ ನೀರಿನ ಬಾಟಲಿ ಅವರ ಚೀಲದಲ್ಲೇ ಇರುತ್ತದೆ.

ಗೆಳೆಯರ ಮುಂದೆ ಮಗಾವಾನ ಕಥೆ ತೆಗೆದೆ. ಕಾಂಬೋಡಿಯಾದಲ್ಲಿ ನೆಲಬಾಂಬು ಮೂಸಿ ಹುಡುಕಿ, 2020ರಲ್ಲಿ ಚಿನ್ನದ ಪದಕ ಪಡೆದ ಇಲಿ ಅದು. ಆಫ್ರಿಕಾದ ಬೇರೆ ಜಾತಿಯದು ಎಂಬುದನ್ನು ಮಾತ್ರ ನುಂಗಿಕೊಂಡೆ. "ನಿನ್ನದು ನನ್ನ ಬೈಕಿನ ಕೀಲಿಯನ್ನಾದರೂ ಹುಡುಕಲಿ" ಎಂದ ಒಬ್ಬ. ಛಲಕ್ಕೆ ಬಿದ್ದು ಸುಮಾರು ಎರಡು ತಿಂಗಳು ದಿನಾ ರಾತ್ರಿ ಕೀಲಿ ಹುಡುಕುವ ಪಾಠ ನಡೆಸಿದೆ. ಅರ್ಧ ಕಿಲೋ ಹುರಿಗಡಲೆ ಖರ್ಚಾಯಿತು. ಕೊನೆಗೆ ಅದು ಕಲಿತದ್ದು ಹುರಿಗಡಲೆ ಇಟ್ಟ ಅಂಗಿಯ ಜೇಬನ್ನು ಹುಡುಕುವುದನ್ನು. ಆ ಜೇಬಿಗೆ ತೂತೂ ಬಿತ್ತು.

ದುಡ್ಡಿನ ಕಥೆ ಕೇಳಿ. ಮರಿಗಳಿಗೆ ತಲಾ ಮುನ್ನೂರು. ಗಿಣಿಯ ಪಂಜರಕ್ಕೆ ಸಾವಿರದ ಎಂಟುನೂರೋ ಏನೋ ಕೊಟ್ಟೆ. ಕಂಬಿಗಳ ನಡುವಿನ ಸಂದನ್ನು ಅಳೆದು ನೋಡುವ ಬುದ್ಧಿ ಇರಲಿಲ್ಲ. ಮೂರನೆಯ ರಾತ್ರಿಯೇ ಒಂದು ತಪ್ಪಿಸಿಕೊಂಡು, ಎರಡು ದಿನದ ನಂತರ ಅಕ್ಕಿ ಡ್ರಮ್ಮಿನ ಹಿಂದೆ ಸಿಕ್ಕಿತು. ಅಮ್ಮ ಡ್ರಮ್ಮಿನ ಅಕ್ಕಿಯನ್ನೆಲ್ಲ ಬಿಸಾಡಿಸಿದರು. ಅದರ ಲೆಕ್ಕವೂ ನನ್ನ ಮೇಲೆಯೇ. ಗೂಡಿನಲ್ಲಿ ಹಾಸಲು ಮರದ ಮಿಲ್ಲಿನ ಹೊಟ್ಟು ಪುಕ್ಕಟೆ ಸಿಕ್ಕಿತೆಂದು ಹಿಗ್ಗಿದೆ, ಇಲಿಗಳು ಸೀನತೊಡಗಿದವು. ತೆಂಗಿನ ನಾರಿನ ಪುಡಿ ಹಾಕಿದೆ, ನಾನೂ ಸೀನತೊಡಗಿದೆ. ಈಗ ಹಳೆಯ ದಿನಪತ್ರಿಕೆಯ ಚೂರು, ಅಷ್ಟೇ.

ಇನ್ನು ಬಾಣಂತನ. ಅಂಗಡಿಯವರು ಎರಡೂ ಹೆಣ್ಣು ಎಂದಿದ್ದರು, ನಾನು ನಂಬಿದೆ. ಕಂದು ಬಣ್ಣದ್ದು ಬೆಲ್ಲ, ಬಿಳಿಯದು ಅವಲಕ್ಕಿ. ಅವಲಕ್ಕಿಯ ಗಂಡುತನ ನನಗೆ ಕಂಡ ದಿನವೇ ಬಕೆಟ್ಟಿಗೆ ಹಾಕಿ ಬೇರೆ ಮಾಡಿದೆ. ಆದರೆ ಆಗಬೇಕಾದದ್ದು ಆಗಿಹೋಗಿತ್ತು. ಮೂರು ವಾರದೊಳಗೆ ಹನ್ನೊಂದು ಮರಿ. ಇನ್ನು ನನ್ನ ಕಥೆ ಮುಗಿಯಿತು ಎಂದುಕೊಂಡು ಅಮ್ಮನಿಗೆ ಹೇಳಲು ಒಂದು ಇಡೀ ದಿನ ಹೆದರಿದೆ.

ಹೇಳಿದಾಗ ಅಮ್ಮ ಮೊದಲ ಬಾರಿಗೆ ಗೂಡಿನ ಹತ್ತಿರ ಬಂದರು. ಕೂದಲಿಲ್ಲದ ಆ ಕೆಂಪು ತುಣುಕುಗಳ ಹೊಟ್ಟೆಯಲ್ಲಿ ಕುಡಿದ ಹಾಲು ಚರ್ಮದ ಕೆಳಗೆ ಬೆಳ್ಳಗೆ ಕಾಣುತ್ತದಲ್ಲ, ಅದನ್ನು ತುಂಬ ಹೊತ್ತು ನೋಡಿದರು. ಆಮೇಲೆ ನನ್ನತ್ತ ತಿರುಗಿ, "ಬಾಣಂತಿಗೆ ಬರೀ ಒಣಕಾಳು ಹಾಕಿದ್ದೀಯಲ್ಲ, ನಾಚಿಕೆಯಾಗುವುದಿಲ್ಲವೇ?" ಎಂದರು.

ಆ ಸಂಜೆ ಉಪ್ಪಿಲ್ಲದೆ ಬೇಯಿಸಿದ ಹೆಸರುಬೇಳೆ ಬಂತು. ಬೆಚ್ಚಗಿರಲಿ ಎಂದು ತಮ್ಮ ಹಳೆಯ ಸೀರೆಯ ತುಂಡೂ ಬಂತು. ಎಳೆ ಬಿಚ್ಚುವ ಬಟ್ಟೆ ಮರಿಗಳ ಕಾಲಿಗೆ ಸುತ್ತಿಕೊಳ್ಳುತ್ತದೆ, ಹಾಕಬಾರದು. ಹಿಂದಿನ ನಾನಾಗಿದ್ದರೆ ಅದನ್ನು ಅಲ್ಲೇ ಹೇಳಿ ಕೆಲಸ ಕೆಡಿಸುತ್ತಿದ್ದೆ. ಬಾಯಿ ಮುಚ್ಚಿಕೊಂಡು ಸೀರೆ ತೆಗೆದುಕೊಂಡೆ. ರಾತ್ರಿ ಕೂತು ನಾಲ್ಕೂ ಅಂಚು ಮಡಚಿ ಹೊಲಿದು, ಗೂಡಿನ ಒಳಗೆ ಹಾಕದೆ ಮೇಲೆ ಹೊದಿಸಿದೆ. ನನ್ನ ಇಡೀ ವಿಧಾನ ಹುಟ್ಟಿದ್ದು ಆ ಹೊಲಿಗೆಯಲ್ಲಿ.

ಮರಿಗಳಿಗೆ ಐದು ವಾರವಾದಾಗ ಗಂಡು ಆರು, ಹೆಣ್ಣು ಐದು ಬೇರೆಯಾದವು. ಹೆಬ್ಬಾವು ಸಾಕಿರುವವರೊಬ್ಬರು ಮರಿಗೆ ಎಂಬತ್ತು ರೂಪಾಯಿಯಂತೆ ಕೊಡುತ್ತೇನೆ, ಅಷ್ಟನ್ನೂ ಕೊಡಿ ಎಂದರು. ಫೋನಿನ ಮಾತು ಅಮ್ಮನ ಕಿವಿಗೆ ಬಿತ್ತು. "ನಾನು ಬೇಳೆ ಬೇಯಿಸಿ ಹಾಕಿದ್ದು ಹಾವಿನ ಬಾಯಿಗೆ ಕೊಡುವುದಕ್ಕಾ?" ಎಂದು ಅವರು ಕೂಗಿದ್ದು ಆಚೆಯವರಿಗೂ ಕೇಳಿಸಿರಬೇಕು, ಅವರೇ ಫೋನಿಟ್ಟರು. ಹಾವಿನವರ ತಪ್ಪೇನೂ ಇಲ್ಲ, ಅದಕ್ಕೂ ಹೊಟ್ಟೆಯಿದೆ. ಏಳನ್ನು ಗೊತ್ತಿದ್ದ ಮನೆಗಳಿಗೆ ಕೊಟ್ಟೆ, ನಾಲ್ಕು ಉಳಿದವು.

ಅಲ್ಲಿಂದ ನಾನು ಯಾರಿಗೂ ಏನನ್ನೂ ವಿವರಿಸಲಿಲ್ಲ. ಅವರವರಿಗೆ ಗೊತ್ತಿರುವ ವಿಷಯದಲ್ಲಿ ಸಹಾಯ ಕೇಳಿದೆ. ಭಾವ ಕಟ್ಟಡದ ಎಂಜಿನಿಯರು. "ಈ ಮನೆಯಲ್ಲಿ ಊಟ ಸೇರುವುದಿಲ್ಲ, ವಾಸನೆ" ಎಂದವರು. "ಭಾವ, ಈ ಕೋಣೆಯ ಗಾಳಿ ಎತ್ತ ಹೋಗುತ್ತದೆ, ಸ್ವಲ್ಪ ನೋಡಿ" ಎಂದೆ. ಊದುಬತ್ತಿ ಹಚ್ಚಿ ಹೊಗೆ ನೋಡುತ್ತಾ ಅರ್ಧ ಗಂಟೆ ಓಡಾಡಿದರು, ಗೂಡಿನ ಜಾಗ ಬದಲಿಸಿ ಸಾವಿರದ ಏಳುನೂರು ರೂಪಾಯಿಯ ಫ್ಯಾನು ಹಾಕಿಸಿದರು. ನಿಜ ಹೇಳಬೇಕೆಂದರೆ ವಾಸನೆ ಇಳಿದದ್ದು ನಾನು ಗೂಡನ್ನು ಎರಡು ದಿನಕ್ಕೊಮ್ಮೆ ಪೂರ್ತಿ ತೊಳೆಯುವುದನ್ನು ನಿಲ್ಲಿಸಿದ್ದರಿಂದ. ಎಲ್ಲ ತೊಳೆದರೆ ಅವು ಮತ್ತೆ ಎಲ್ಲ ಕಡೆ ಉಚ್ಚೆ ಹೊಯ್ದು ಗುರುತು ಹಾಕುತ್ತವೆ, ಹಳೆಯ ಹಾಸು ಒಂದು ಹಿಡಿ ಉಳಿಸಬೇಕು. ಇದನ್ನು ಭಾವನಿಗೆ ಹೇಳಿಲ್ಲ. ಕೀಲಿ ಕೇಳಿದ ಗೆಳೆಯನಿಗೆ ವೆಲ್ಡಿಂಗ್ ಶೆಡ್ ಇದೆ. ಅರ್ಧ ಇಂಚಿನ ಜಾಲರಿಯ ಗೂಡು ಮಾಡಿಕೊಟ್ಟ, ನಾಲ್ಕೂವರೆ ಸಾವಿರ, ಕೂಲಿ ಬಿಟ್ಟು. ತನ್ನ ಕೈಕೆಲಸ ನೋಡಲು ಈಗ ತಿಂಗಳಿಗೊಮ್ಮೆ ಬರುತ್ತಾನೆ. ಅವನ ಹೆಂಡತಿ ಮೊದಲು ಬಾಗಿಲಲ್ಲೇ ಕಿರುಚುತ್ತಿದ್ದರು, ಈಗ ಇಲಿಯನ್ನು ಹೆಗಲಿಗೇರಿಸಿಕೊಂಡು ಕಾಫಿ ಕುಡಿಯುತ್ತಾರೆ. ಅದನ್ನು ಸಾಧಿಸಿದ್ದು ಹೇಗೆಂದು ಮಾತ್ರ ಬರೆಯುವುದಿಲ್ಲ, ಅವರೂ ಓದುತ್ತಾರೆ.

ಒಟ್ಟು ಒಂಬತ್ತು ಮಂದಿ ವಿರೋಧಿಗಳಲ್ಲಿ ಆರು ಮಂದಿ ನನ್ನ ಕಡೆ. ಇಬ್ಬರು ಸುಮ್ಮನಿದ್ದಾರೆ. ದೊಡ್ಡತ್ತೆಯ ಬಾಟಲಿ ಇನ್ನೂ ಚೀಲದಲ್ಲಿದೆ. ಬೆಲ್ಲಳಿಗೆ ಒಂದೂವರೆ ವರ್ಷದಲ್ಲಿ ಎದೆಗಡ್ಡೆಯಾದಾಗ ಆಪರೇಷನ್ನಿಗೆ ಐದು ಸಾವಿರದ ಹತ್ತಿರ ಹೋಯಿತು, ಅದರಲ್ಲಿ ಸಾವಿರ ಅಮ್ಮನ ಸಾಸಿವೆ ಡಬ್ಬಿಯದು. ಬೆಲ್ಲ ಎರಡೂವರೆ ವರ್ಷ ಬದುಕಿತು. ಈಗ ದಾಸವಾಳದ ಬುಡದಲ್ಲಿದೆ.

ಹೋದ ತಿಂಗಳು ಉಗ್ರಾಣದ ಬೋನಿಗೆ ಒಂದು ಊರಿಲಿ ಬಿತ್ತು. ಬಿಟ್ಟು ಬರಲು ಚಪ್ಪಲಿ ಮೆಟ್ಟಿಕೊಂಡೆ. ಅಮ್ಮ ಬೋನನ್ನು ಬೆಳಕಿಗೆ ಹಿಡಿದು ಅದರ ಹೊಟ್ಟೆ ನೋಡಿ, "ಇವಳಿಗೆ ದಿನ ತುಂಬಿದೆ, ಅಷ್ಟು ದೂರ ಬೇಡ, ಹಿತ್ತಿಲಲ್ಲೇ ಬಿಡು" ಎಂದರು. ಇಲಿಜ್ವರ ಬರುತ್ತದೆ ಅಮ್ಮ, ಇದು ಊರಿಲಿ, ಇದರ ಉಚ್ಚೆ ಕಾಳಿಗೆ ಬಿದ್ದರೆ ನಮಗೂ ನಮ್ಮ ಇಲಿಗಳಿಗೂ ಅಪಾಯ ಎಂದು ನಾನು ಅರ್ಧ ಗಂಟೆ ವಾದ ಮಾಡಿದೆ. ಅಮ್ಮ ಅಷ್ಟು ಹೊತ್ತೂ ಬೋನು ಕೆಳಗಿಡಲಿಲ್ಲ.