ಸತ್ತವರು ಎದ್ದುಬರುವ ಕಾಮಿಕ್ಸ್‌ಗೆ ಓದುಗರ ಪತ್ರ ಬರೆಯುವುದು ಹೇಗೆ?

ಅಮೆರಿಕದ ಇಂಥ ಕಾಮಿಕ್ಸ್ ‘ದಿ ವಾಕಿಂಗ್ ಡೆಡ್’ 2003ರಿಂದ 2019ರವರೆಗೆ 193 ಸಂಚಿಕೆ ಬಂತು. ಅದರ ಓದುಗರ ಪತ್ರಗಳ ಅಂಕಣ ‘ಲೆಟರ್ ಹ್ಯಾಕ್ಸ್’ನಲ್ಲಿ ಬೈಗುಳದ ಪತ್ರಗಳೂ ಅಚ್ಚಾಗುತ್ತಿದ್ದವು. ಇಂಥ ಮಾಸಿಕಕ್ಕೆ ಬರೆಯುವ ಮುನ್ನ ಸಂಚಿಕೆಯನ್ನು ಎರಡು ಸಲ ಓದಿ: ಮೊದಲು ಕಥೆಗಾಗಿ, ಆಮೇಲೆ ಚಿತ್ರಕ್ಕಾಗಿ. ಬರೀ ‘ಭಯಂಕರವಾಗಿದೆ’ ಎಂದರೆ ಏನೂ ಹೇಳಿದಂತಾಗಲಿಲ್ಲ. ಸಂಚಿಕೆ, ಪುಟ, ಚಿತ್ರದ ಚೌಕ (ಪ್ಯಾನೆಲ್) ಯಾವುದೆಂದು ಹೇಳಿ. ಉದಾಹರಣೆಗೆ, ಬಲಪುಟದ ಕೊನೆಯ ಚೌಕದಲ್ಲಿ ಬಾಗಿಲು ತೆರೆಯುತ್ತದೆ, ಹೆಣ ಕಾಣುವುದು ಪುಟ ಮಗುಚಿದ ಮೇಲೆ. ಎದೆ ಧಸಕ್ಕೆಂದದ್ದು ಅಲ್ಲೇ ಎಂದು ಬರೆಯಿರಿ. ‘ಮುಂದೆ ಯಾರು ಸಾಯ್ತಾರೆ?’ ಅಂತ ಕೇಳಬೇಡಿ, ಉತ್ತರ ಸಿಗದು. 150 ಪದ ಸಾಕು. ಉದ್ದವಾದರೆ ಸಂಪಾದಕರ ಕತ್ತರಿ ಬೀಳುತ್ತದೆ. ‘ಪ್ರಕಟಿಸಬಹುದು’ ಎಂದು ಮೇಲೆಯೇ ನಮೂದಿಸಿ. ಮುಂದಿನ ಸಂಚಿಕೆಯ ಕೆಲಸ ಆಗಲೇ ಮುಗಿಯುತ್ತ ಬಂದಿರುತ್ತದೆ, ನಿಮ್ಮ ಮಾತಿಗೆ ಕಥೆ ತಕ್ಷಣ ತಿರುಗುವುದಿಲ್ಲ.