ಹಗ್ಗ ಎಳೆದರೆ ಕೈಗೆ ಬಿಗಿಯೇ ಇಲ್ಲ: ಕಂಪ್ರೆಷನ್ ಸೋರಿಕೆ ಹುಡುಕಿದ ನನ್ನ ಅನುಭವ

ನನ್ನ ನೀರಿನ ಪಂಪ್‌ನ ಚಿಕ್ಕ ಫೋರ್ ಸ್ಟ್ರೋಕ್ ಪೆಟ್ರೋಲ್ ಎಂಜಿನ್ ಮೊದಮೊದಲು ಬಿಸಿಯಾದಾಗ ಮಾತ್ರ ಸ್ಟಾರ್ಟ್ ಆಗದೆ ಸತಾಯಿಸುತ್ತಿತ್ತು. ಆಮೇಲೆ ತಣ್ಣಗಿದ್ದಾಗಲೂ ಅದೇ ಕಥೆ. ಪ್ಲಗ್‌ನಲ್ಲಿ ಕಿಡಿ ಚೆನ್ನಾಗಿತ್ತು, ಪೆಟ್ರೋಲ್ ಬರುತ್ತಿತ್ತು. ಹಗ್ಗ ಎಳೆದರೆ ಮಾತ್ರ ಸುಮ್ನೆ ಬಂದುಬಿಡುತ್ತಿತ್ತು, ಬಿಗಿಯೇ ಇಲ್ಲ. ಅಂದರೆ ಕಂಪ್ರೆಷನ್, ಪಿಸ್ಟನ್ ಸಿಲಿಂಡರ್ ಒಳಗೆ ಗಾಳಿಯನ್ನು ಒತ್ತುವ ಬಲ, ಎಲ್ಲೋ ಸೋರುತ್ತಿತ್ತು.

ಥ್ರಾಟಲ್ ಪೂರ್ತಿ ತೆರೆದು, ಪ್ಲಗ್ ತೂತಿಗೆ ಒತ್ತಡ ಅಳೆಯುವ ಗೇಜ್ ಹಾಕಿ ಐದಾರು ಸಲ ಎಳೆದೆ. 40 ಪಿಎಸ್‌ಐ ಬಂತು. ಆದರೆ ಈ ಒಂದು ಸಂಖ್ಯೆಯನ್ನೇ ನಂಬಬಾರದು. ಹಗ್ಗ ಹಗುರವಾಗಿ ಬರಲಿ ಅಂತ ಇಂಥ ಹಲವು ಎಂಜಿನ್‌ಗಳ ಕ್ಯಾಮ್‌ಶಾಫ್ಟ್‌ನಲ್ಲಿ (ವಾಲ್ವ್‌ಗಳನ್ನು ಎತ್ತುವ ದಂಡ) ಡೀಕಂಪ್ರೆಷನ್ ವ್ಯವಸ್ಥೆ ಇರುತ್ತದೆ. ಎಳೆಯುವಾಗ ಅದು ಒಂದು ವಾಲ್ವನ್ನು ಚೂರು ಎತ್ತುವುದರಿಂದ ಒಳ್ಳೆಯ ಎಂಜಿನ್ ಕೂಡ ಕಡಿಮೆಯೇ ತೋರಿಸುತ್ತದೆ. ಹಾಗಾಗಿ ಪ್ಲಗ್ ತೂತಿನಲ್ಲಿ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಿದೆ. ಪಿಸ್ಟನ್ ಸುತ್ತಲಿನ ರಿಂಗ್ ಸವೆದಿದ್ದರೆ ಆಯಿಲ್ ಸಂದು ಮುಚ್ಚಿ ಮುಳ್ಳು ಏರಬೇಕಿತ್ತು. ಏರಲಿಲ್ಲ. ಸದ್ಯ, ರಿಂಗ್ ಸೆಟ್ ತರುವ ಮೊದಲೇ ಇದನ್ನು ಮಾಡಿದೆ.

ನನಗೆ ಜಾಸ್ತಿ ನಂಬಿಕೆ ಇರುವುದು ಗಾಳಿ ಬಿಟ್ಟು ಕಿವಿಗೊಡುವುದರಲ್ಲಿ. ಕಂಪ್ರೆಷನ್ ಸ್ಟ್ರೋಕ್‌ನಲ್ಲಿ ಪಿಸ್ಟನ್ ಮೇಲೆ ಬಂದಾಗ ಕ್ರ್ಯಾಂಕ್ ತಿರುಗದಂತೆ ಗಟ್ಟಿಯಾಗಿ ತಡೆದು, ಪ್ಲಗ್ ತೂತಿನಿಂದ ಕಂಪ್ರೆಸರ್ ಗಾಳಿ ನಿಧಾನಕ್ಕೆ ಬಿಡಬೇಕು. ಆಯಿಲ್ ತುಂಬುವ ತೂತಿನಿಂದ ಗಾಳಿ ಜೋರಾಗಿ ಬಂದರೆ ರಿಂಗ್, ಕಾರ್ಬ್ಯುರೇಟರ್‌ನಿಂದ ಬಂದರೆ ಇನ್‌ಟೇಕ್ ವಾಲ್ವ್. ನನಗೆ ಸೈಲೆನ್ಸರ್ ಬಾಯಲ್ಲಿ ಬುಸ್ ಅನ್ನುವ ಸದ್ದು ಕೇಳಿತು. ಎಗ್ಸಾಸ್ಟ್ ವಾಲ್ವ್!

ಟ್ಯಾಪೆಟ್ ಸಂದು, ಅಂದರೆ ವಾಲ್ವ್‌ನ ಬಾಲಕ್ಕೂ ಅದನ್ನು ಒತ್ತುವ ರಾಕರ್‌ಗೂ ನಡುವಿನ ಜಾಗ, ನನ್ನ ಎಂಜಿನ್‌ನ ಈ ವಾಲ್ವ್‌ಗೆ ತಣ್ಣಗಿದ್ದಾಗ 0.20 ಮಿ.ಮೀ. ಇರಬೇಕು. 0.05ರ ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ಕೂಡ ತೂರಲಿಲ್ಲ. ಸವೆದರೆ ಸಂದು ಹೆಚ್ಚಬೇಕು ಅಲ್ವಾ ಅನ್ನಿಸುತ್ತದೆ. ಇಲ್ಲಿ ಉಲ್ಟಾ. ವಾಲ್ವೂ ಅದು ಕೂರುವ ಸೀಟೂ ಸವೆದಷ್ಟು ವಾಲ್ವ್ ಸಿಲಿಂಡರ್ ಹೆಡ್‌ನೊಳಗೆ ಇಳಿದು ಕೂರುತ್ತದೆ, ಅದರ ಬಾಲ ರಾಕರ್ ಕಡೆಗೆ ಮೇಲೇಳುತ್ತದೆ. ಬಿಸಿಗೆ ಹಿಗ್ಗಿದಾಗ ಇದ್ದ ಚೂರು ಸಂದೂ ಹೋಗಿ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ. ಬಿಸಿಯಾದಾಗ ಸತಾಯಿಸುತ್ತಿದ್ದುದು ಇದಕ್ಕೇ.

ಟ್ಯಾಪೆಟ್ ಸರಿ ಮಾಡಿ ಮತ್ತೆ ಗಾಳಿ ಬಿಟ್ಟೆ. ಸದ್ದು ಕಡಿಮೆಯಾಯಿತು, ನಿಲ್ಲಲಿಲ್ಲ. ಹೆಡ್ ಬಿಚ್ಚಿ ನೋಡಿದರೆ ವಾಲ್ವ್ ಅಂಚು ಸೀಟಿಗೆ ತಾಗುವ ಬೂದು ಪಟ್ಟಿಯಲ್ಲಿ ಒಂದು ಕಡೆ ಉಗುರಿನಗಲ ಕಪ್ಪು ಮಸಿ. ಗ್ರೈಂಡಿಂಗ್ ಪೇಸ್ಟ್ ಹಚ್ಚಿ, ರಬ್ಬರ್ ಕಪ್ ಕೋಲನ್ನು ಅಂಗೈಗಳ ನಡುವೆ ಹಿಡಿದು ಅತ್ತಿತ್ತ ತಿರುಗಿಸಿದೆ. ಮೊದಲು ಕರಕರ ಅನ್ನುತ್ತಿದ್ದದ್ದು ಬರಬರುತ್ತಾ ನುಣ್ಣಗಾಯಿತು. ಬೂದು ಪಟ್ಟಿ ಸುತ್ತಲೂ ಎಲ್ಲೂ ಕಡಿಯದೆ ಕಾಣುವವರೆಗೆ ಬಿಡಲಿಲ್ಲ. ಪೇಸ್ಟ್ ಚೂರೂ ಉಳಿಯದಂತೆ ತೊಳೆಯಬೇಕು, ಉಳಿದರೆ ಸಿಲಿಂಡರನ್ನೇ ತಿನ್ನುತ್ತದೆ. ವಾಲ್ವ್ ಜೋಡಿಸಿ ಎಗ್ಸಾಸ್ಟ್ ದಾರಿಯಲ್ಲಿ ಸೀಮೆಎಣ್ಣೆ ಸುರಿದು ಹತ್ತು ನಿಮಿಷ ಕಾದೆ. ಒಂದು ಹನಿಯೂ ಜಿನುಗಲಿಲ್ಲ.

ಹೊಸ ಗ್ಯಾಸ್ಕೆಟ್ ಹಾಕಿ, ಹೆಡ್ ಬೋಲ್ಟ್‌ಗಳನ್ನು ಅಡ್ಡಡ್ಡವಾಗಿ ಮೂರು ಸುತ್ತಿನಲ್ಲಿ ಬಿಗಿ ಮಾಡಿ, ಟ್ಯಾಪೆಟ್ ಮತ್ತೆ 0.20ಕ್ಕೆ ಹೊಂದಿಸಿದೆ. ಗೇಜ್ 85 ತೋರಿಸಿತು. ಅರ್ಧ ಗಂಟೆ ಓಡಿಸಿ, ಬಿಸಿಯಿದ್ದಾಗಲೇ ನಿಲ್ಲಿಸಿ ಮತ್ತೆ ಎಳೆದೆ. ಒಂದೇ ಎಳೆತಕ್ಕೆ ಸ್ಟಾರ್ಟ್! ಹತ್ತು ಗಂಟೆ ಓಡಿದ ಮೇಲೆ, ತಣ್ಣಗಾಗಲು ಬಿಟ್ಟು ಟ್ಯಾಪೆಟ್ ಮತ್ತೊಮ್ಮೆ ಅಳೆದೆ. 0.20ರಲ್ಲೇ ಇತ್ತು.