ಗೊಬ್ಬರದ ಕೌಂಟರಿನ ಮುಂದಿನ ಸಾಲು

ಮುಂಗಾರಿಗೆ ಮುನ್ನ ಕಾಫಿ ತೋಟಕ್ಕೆ ಗೊಬ್ಬರ ಹಾಕುವ ಹೊತ್ತು ಬಂತೆಂದರೆ, ವಿರಾಜಪೇಟೆ ಕಡೆಯ ನಮ್ಮ ಸಹಕಾರ ಸಂಘದ ಎರಡು ಕೌಂಟರುಗಳ ಸಾಲೂ ಜಗಲಿ ದಾಟಿ ಅಂಗಳಕ್ಕಿಳಿಯುತ್ತಿತ್ತು. ಇನ್ನೊಬ್ಬ ಗುಮಾಸ್ತರನ್ನು ನೇಮಿಸುವ ಮಾತು ಆಡಳಿತ ಮಂಡಳಿಯಲ್ಲಿ ಬಂದಾಗ, ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸಿದ್ದ ನಾನು, ಮೊದಲು ಲೆಕ್ಕ ಹಾಕಿ ನೋಡೋಣ ಎಂದೆ.

ಕೋಪನ್‌ಹೇಗನ್ ದೂರವಾಣಿ ಕಂಪನಿಯ ಎರ್ಲಾಂಗ್ 1909ರಲ್ಲಿ ಅಡಿಪಾಯ ಹಾಕಿದ ಸರದಿ ಸಾಲಿನ ಗಣಿತಕ್ಕೆ, ಅದರ ಅತಿ ಸರಳ ರೂಪದಲ್ಲಿ, ಎರಡೇ ಸಂಖ್ಯೆ ಸಾಕು: ಗಂಟೆಗೆ ಎಷ್ಟು ಮಂದಿ ಬರುತ್ತಾರೆ, ಒಬ್ಬರ ಕೆಲಸಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ. ನಮ್ಮಲ್ಲಿ ಒಬ್ಬರಿಗೆ ಸರಾಸರಿ 3 ನಿಮಿಷ, ಅಂದರೆ ಕೌಂಟರೊಂದಕ್ಕೆ ಗಂಟೆಗೆ 20 ಮಂದಿ. ಬರುತ್ತಿದ್ದವರು ಸಾಲಿಗೆ 18. ಮೇಲ್ನೋಟಕ್ಕೆ ಬಿಡುವಿದ್ದಂತೆಯೇ ಕಾಣುತ್ತದೆ. ಆದರೆ ಜನ ಸಮಯ ಹಂಚಿಕೊಂಡು ಬರುವುದಿಲ್ಲವಾದ್ದರಿಂದ ಸೂತ್ರದ ಪ್ರಕಾರ ಸರಾಸರಿ 27 ನಿಮಿಷ ಕಾಯಬೇಕು. ಬರುವವರು 16 ಆದರೆ 12 ನಿಮಿಷ, 19 ಆದರೆ 57! ಈ ಏರಿಕೆಯನ್ನು ಮಂಡಳಿಗೆ ನಂಬಿಸುವುದೇ ಕಷ್ಟವಾಯಿತು.

ಎರಡು ಸಾಲನ್ನೂ ಒಂದಾಗಿಸಿ, ಯಾವ ಕೌಂಟರು ತೆರವಾದರೂ ಮುಂದಿನವರು ಅಲ್ಲಿಗೆ ಹೋಗುವಂತೆ ಮಾಡಿದರೆ, ಅದೇ ಜನಕ್ಕೆ ಅದೇ ಗುಮಾಸ್ತರಿಂದ ಕಾಯುವಿಕೆ ಸುಮಾರು 13 ನಿಮಿಷಕ್ಕಿಳಿಯುತ್ತದೆ. ಪಕ್ಕದ ಸಾಲು ಚಿಕ್ಕದಾದೊಡನೆ ಅಲ್ಲಿಗೆ ಸರಿಯುವ ಅಭ್ಯಾಸ ನಮ್ಮವರಿಗೆ ಮೊದಲೇ ಇದ್ದುದರಿಂದ ಅಷ್ಟೂ ಲಾಭ ದಕ್ಕಲಿಲ್ಲ. ಹಿಂದೆ ಬಂದವರು ಮುಂದೆ ಹೋದರೆಂಬ ಜಗಳವಂತೂ ನಿಂತಿತು.

ಜಾಗದ ಲೆಕ್ಕಕ್ಕೆ ಜಾನ್ ಲಿಟ್ಲ್ 1961ರಲ್ಲಿ ಸಾಧಿಸಿದ ನಿಯಮ ಒದಗಿತು: ಬರುವವರ ದರವನ್ನು ಕಾಯುವ ಹೊತ್ತಿನಿಂದ ಗುಣಿಸಿದರೆ ಸಾಲಿನಲ್ಲಿರುವವರ ಸರಾಸರಿ ಸಂಖ್ಯೆ, ನಮಗೆ ಸುಮಾರು 8. ಸರಾಸರಿಗಷ್ಟೇ ಜಾಗ ಬಿಟ್ಟರೆ ಉಳಿದವರು ಮಳೆಯಲ್ಲಿ ನಿಲ್ಲಬೇಕು. ಹತ್ತರಲ್ಲೊಂದು ಪಾಲು ಹೊತ್ತು ಸಾಲು 20 ಅಥವಾ ಅದಕ್ಕೂ ಹೆಚ್ಚಿರುತ್ತದೆಂದು ಲೆಕ್ಕ ಹೇಳಿತು. ನೀರು ತೊಟ್ಟಿಕ್ಕುವ ಕೊಡೆ ಹಿಡಿದವರಿಗೆ ತಲಾ 3 ಅಡಿಯೆಂದರೆ 60 ಅಡಿ; ಜಗಲಿಯ ಉದ್ದ 20. ಹಾಗಾಗಿ ಹಗ್ಗ ಕಟ್ಟಿ ಸಾಲನ್ನು ಮೂರು ಮಡಿಕೆ ಮಾಡಿದೆವು, ಗೋಡೆಬದಿಗೆ ವಯಸ್ಸಾದವರಿಗಾಗಿ ಬೆಂಚು ಹಾಕಿದೆವು, ರಸೀದಿ ಪಡೆದವರು ಸಾಲನ್ನು ಸೀಳದೆ ಗೋದಾಮಿನ ಕಡೆಯಿಂದ ಹೊರಬೀಳುವಂತೆ ಬಾಗಿಲು ಬದಲಿಸಿದೆವು.

ಸೂತ್ರ ಸೋತದ್ದು ಬಸ್ಸಿನೆದುರು. ಜನ ಒಬ್ಬರಿಗೊಬ್ಬರು ಸಂಬಂಧವಿಲ್ಲದೆ ಬರುತ್ತಾರೆಂಬುದು ಅದರ ಆಧಾರ. ಸಂತೆಯ ದಿನ ಒಂದೇ ಬಸ್ಸಿನಿಂದ ಹತ್ತಾರು ಮಂದಿ ಇಳಿಯುತ್ತಾರೆ. ಆದ್ದರಿಂದ ಬಸ್ ಬಂದ ಮೇಲಿನ ಅರ್ಧ ಗಂಟೆ ಮಾತ್ರ ಒಳಗಿನ ಲೆಕ್ಕಿಗರೇ ಮೂರನೆಯ ಕೌಂಟರಿಗೆ ಬಂದು ಕೂರುತ್ತಾರೆ. ಹೊಸ ನೇಮಕಾತಿಯ ಮಾತು ಸದ್ಯ ನಿಂತಿದೆ.